ಮೋಡದ ಮೇಲೆ ಕುಳಿತ ಪಿಂಗಾರ

"ಟೀಚರ್, ನೋಡಿ ನೋಡಿ! ನಮ್ಮ ಮಾಮನ ಕಣ್ಣು ಮಾಂಗಾ ಕಣ್ಣಾಯಿತು!"

ಆಫ್ರಾ ಹಾಗೆ ಕೂಗಿದಾಗ ಝುಬೈರನ ಕೈಯಲ್ಲಿದ್ದ ಕಾರ್ಡುಗಳ ಕಟ್ಟು ಜಾರಿತು. ಪ್ರೆಸ್ಸಿನ ನೆಲದ ತುಂಬ ಯಾರದೋ ಮದುವೆ ಚೆಲ್ಲಿಹೋಯಿತು.

ತಂಗಿಯ ಮಗಳಾದ ಆಫ್ರಾ ಬೇಸಿಗೆ ಶಿಬಿರದ ಮಕ್ಕಳ ದಂಡನ್ನೇ ಕಟ್ಟಿಕೊಂಡು ಪಾಣೆಮಂಗಳೂರು ಪೇಟೆಯ ಅವನ ಪ್ರೆಸ್ಸಿಗೆ ನುಗ್ಗಿದ್ದಳು. ಚಿತ್ರ ಬಿಡಿಸಲು ಕತ್ತರಿಸಿ ಉಳಿದ ಕಾಗದದ ತುಂಡುಗಳು ಬೇಕೆಂಬುದು ದಂಡಿನ ಬೇಡಿಕೆ. ದಂಡಿನ ಹಿಂದೆ, ಬಾಗಿಲ ಬೆಳಕನ್ನು ಅರ್ಧ ತಡೆದು ಅರ್ಧ ಒಳಗೆ ಬಿಟ್ಟು, ಅವರ ಟೀಚರ್ ನಿಂತಿದ್ದಳು. ಎಳನೀಲಿ ಶಿರವಸ್ತ್ರ, ಹೆಗಲಿಗೆ ಉದ್ದನೆಯ ಚೀಲ, ಬೆರಳ ತುದಿಯಲ್ಲಿ ಒಣಗಿದ ಶಾಯಿ. ಹುಟ್ಟಿದಂದಿನಿಂದ ಶಾಯಿಯ ನಡುವೆಯೇ ಬೆಳೆದ ಝುಬೈರನಿಗೆ, ಒಂದು ಬೆರಳಿನ ಮೇಲೆ ಅದು ಇಷ್ಟು ಚೆಂದ ಕೂರಬಲ್ಲದೆಂದು ಆವರೆಗೆ ತಿಳಿದಿರಲಿಲ್ಲ.

"ಮಾಂಗಾ ಅಂದರೆ ಎಂತದು?" ಎಂದು ಕೇಳಿದ, ನೆಲಕ್ಕೆ ಬಗ್ಗಿ, ಮುಖ ಅಡಗಿಸಿಕೊಂಡು.

"ಜಪಾನಿನವರ ಚಿತ್ರಕಥೆ," ಎಂದಳು ಟೀಚರ್ ರಾಫಿಯಾ. "ಅದರಲ್ಲಿ ಆಶ್ಚರ್ಯವಾದವರಿಗೆ ಕಣ್ಣು ಇಷ್ಟು ದೊಡ್ಡದಾಗಿ ಬಿಡಿಸುವುದು. ಮುಖದಲ್ಲಿ ಬೇರೆ ಯಾವುದಕ್ಕೂ ಜಾಗವೇ ಇರುವುದಿಲ್ಲ."

"ನನಗೆ ಆಶ್ಚರ್ಯ ಎಂತದೂ ಆಗಲಿಲ್ಲ."

"ಹಾಗಾದರೆ ಕಾರ್ಡ್ ಯಾಕೆ ಬಿತ್ತು ಅಂಕಲ್?" ಎಂದಳು ನರಿಕೊಂಬಿನ ವಿಸ್ಮಿತಾ, ಲೋಕದ ಅತ್ಯಂತ ಮುಗ್ಧ ದನಿಯಲ್ಲಿ.

ಟೀಚರ್ ನಗಲಿಲ್ಲ. ಆದರೆ ನಗದಿರಲು ಅವಳು ಪಟ್ಟ ಪ್ರಯಾಸ ತುಟಿಯ ಎಡತುದಿಯಲ್ಲಿ ಸಣ್ಣ ಗುಳಿಯಾಗಿ ಮೂಡಿ ಮರೆಯಾಯಿತು. ಅದು ಮತ್ತೊಮ್ಮೆ ಮೂಡುವುದನ್ನು ಕಾಣುವ ಆಸೆಯೊಂದರಿಂದಲೇ ಝುಬೈರ್ ಅಂದು, ಒಳ್ಳೆಯ ಆರ್ಟ್ ಪೇಪರಿನ ಹೊಸ ರೀಮನ್ನು ಒಡೆದು, ಇದೂ ತುಂಡುಕಾಗದವೇ ಎಂದು ಹೇಳಿ ಕೊಟ್ಟುಬಿಟ್ಟ.

*

ಶಿಬಿರ ನಡೆಯುತ್ತಿದ್ದುದು ಪೇಟೆಯ ವಾಚನಾಲಯದ ಮಹಡಿಯ ಮೇಲೆ. ಕಿಟಕಿ ತೆರೆದರೆ ನೇತ್ರಾವತಿ. ಬೇಸಿಗೆಯಲ್ಲಿ ಮೈ ಕರಗಿಸಿಕೊಂಡು, ಮರಳಿನ ನಡುವೆ ತನ್ನದೇ ಗೆರೆಚಿತ್ರವಾಗಿ ಉಳಿದ ಹೊಳೆ. ರಾಫಿಯಾಳ ಬಾಲ್ಯ ಕಳೆದದ್ದು ಶಾರ್ಜಾದಲ್ಲಿ. ಅಲ್ಲಿನ ಲೈಬ್ರರಿಯೊಂದರ ಕಪಾಟಿನ ಬಳಿ ನೆಲದ ಮೇಲೆ ಕೂತು ಜಪಾನಿ ಚಿತ್ರಕಥೆಗಳನ್ನು ನೋಡಿ ನೋಡಿ ಚಿತ್ರ ಕಲಿತವಳು. ತಂದೆ ತೀರಿಕೊಂಡ ಮೇಲೆ ತಾಯಿ ಮೈಮೂನಮ್ಮನೊಂದಿಗೆ ತಮ್ಮ ಊರು ಬಂಟ್ವಾಳಕ್ಕೆ ಬಂದು, ಬೆಳ್ತಂಗಡಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಳು.

ಅವಳ ಶಿಬಿರಕ್ಕೆ ಒಂದೇ ಒಂದು ಕಟ್ಟಳೆ ಇತ್ತು.

"ಟಿವಿಯಲ್ಲಿ ಬಂದವರು ಯಾರೂ ನನ್ನ ಕ್ಲಾಸಿಗೆ ಬರಬಾರದು. ಅವರಿಗೆಲ್ಲ ಆಗಲೇ ಒಬ್ಬೊಬ್ಬ ಅಪ್ಪ ಅಮ್ಮ ಇದ್ದಾರೆ. ನಿಮ್ಮ ಪಾತ್ರ ನಿಮಗೆ ಮಾತ್ರ ಹುಟ್ಟಬೇಕು. ನಿಮ್ಮ ಓಣಿಯಲ್ಲಿ ಯಾರನ್ನಾದರೂ ಸರಿಯಾಗಿ ನೋಡಿ. ಆಮೇಲೆ ಕಣ್ಣು ದೊಡ್ಡದು ಮಾಡಿ, ಕೂದಲನ್ನು ಹಾರಲು ಬಿಡಿ."

ಹಾಗೆ ಹುಟ್ಟಿದವಳು ಪಿಂಗಾರ. ಜಪಾನಿ ಪಾತ್ರಗಳಿಗೆ ಹಳದಿ ಕೂದಲು ಹೇಗೆ ಬಂತೆಂದು ಮಕ್ಕಳಿಗೆ ಗೊತ್ತಿರಲಿಲ್ಲ. ತಮ್ಮವಳಿಗೆ ಎಲ್ಲಿಂದ ಬಂತೆಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು: ಆಗತಾನೆ ಹಾಳೆ ಬಿಚ್ಚಿದ ಅಡಿಕೆಯ ಹೂಗೊನೆ, ಅಂದರೆ ಪಿಂಗಾರವನ್ನೇ ವಿಸ್ಮಿತಾ ಅವಳ ತಲೆಗೆ ಇಟ್ಟುಬಿಟ್ಟಿದ್ದಳು. ಅವಳ ಜೊತೆಗಾರ ಮೋಡಣ್ಣ. ಪ್ರೆಸ್ ಇಟ್ಟುಕೊಂಡು ಮೋಡಗಳನ್ನು ಅಚ್ಚು ಹಾಕಿ ಆಕಾಶಕ್ಕೆ ಕಳುಹಿಸುವ ಹುಡುಗ. ಸದಾ ಕಿವಿಯ ಮೇಲೊಂದು ಪೆನ್ಸಿಲ್, ಮೂಗಿನ ಮೇಲೊಂದು ಶಾಯಿಯ ಕಲೆ.

"ಇದು ಯಾರನ್ನು ನೋಡಿ ಬಿಡಿಸಿದ್ದು?" ಎಂದು ಝುಬೈರ್ ಕೇಳಿದ. ಕಿವಿಯ ಮೇಲಿನ ಪೆನ್ಸಿಲ್ಲನ್ನು ತೆಗೆದು ಕಿಸೆಗೆ ಹಾಕಿಕೊಂಡದ್ದು ತಡವಾಯಿತು.

ಅವನೀಗ ಕಾಗದ ಕೊಡುವ ನೆಪದಲ್ಲಿ ದಿನವೂ ಬರುತ್ತಿದ್ದ. ಬಂದವನನ್ನು ಮಕ್ಕಳು ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಕಣ್ಣಿನ ಪಾಠ ನಡೆದಿತ್ತು.

"ಕಣ್ಣಿನ ಹೊಳಪನ್ನು ಬಿಳಿ ಬಣ್ಣದಿಂದ ಇಡುವುದಲ್ಲ," ಎನ್ನುತ್ತಿದ್ದಳು ರಾಫಿಯಾ. "ಕಾಗದವನ್ನು ಅಲ್ಲಿ ಮೊದಲೇ ಖಾಲಿ ಬಿಡಬೇಕು. ಸುತ್ತ ಕಪ್ಪು ತುಂಬುತ್ತಾ ಬಂದ ಹಾಗೆ ಅದು ತಾನಾಗಿ ಹೊಳೆಯುತ್ತದೆ."

"ಎಲ್ಲಿ ಬಿಡುವುದು ಟೀಚರ್?"

"ಬೆಳಕು ಎಲ್ಲಿಂದ ಬರ್ತದೆ ಅಂತ ನೋಡಬೇಕು. ಝುಬೈರ್, ಸ್ವಲ್ಪ ಇಲ್ಲಿ ಕೂತುಕೊಳ್ತೀರಾ?"

ಅವನು ಕಿಟಕಿಗೆ ಎದುರಾಗಿ ಕುಳಿತ. ಅವಳು ಬಾಗಿದಳು. ಒಂದು ಕೈಯಲ್ಲಿ ಪೆನ್ಸಿಲ್, ಇನ್ನೊಂದು ಕೈ ಶಿರವಸ್ತ್ರದ ಅಂಚಿನಲ್ಲಿ. ಅಕ್ಕಸಾಲಿಗ ಹರಳನ್ನು ನೋಡುವಂತೆ ಅವಳು ಅವನ ಕಣ್ಣನ್ನು ನೋಡಿದಳು. ಝುಬೈರನ ಎದೆಯೊಳಗೆ ಅವನ ಹಳೆಯ ಆಫ್‌ಸೆಟ್ ಯಂತ್ರ, ಯಾರೂ ಗುಂಡಿ ಒತ್ತದೆಯೇ, ಓಡತೊಡಗಿತು.

"ಅಲುಗಾಡಬೇಡಿ."

"ನಾನು ಅಲುಗಾಡಲಿಲ್ಲ."

"ರೆಪ್ಪೆ ಅಲುಗಾಡ್ತಾ ಉಂಟು." ಅವಳು ಇನ್ನಷ್ಟು ಬಾಗಿದಳು. "ಹಾಂ. ಕಿಟಕಿ ಕಾಣ್ತದೆ."

"ಕಿಟಕಿ ಮಾತ್ರವಾ?"

ಕೇಳಬಾರದಾಗಿತ್ತು. ಆದರೆ ಬಾಯಿ ಕೇಳಿಬಿಟ್ಟಿತ್ತು. ಅವಳ ಪೆನ್ಸಿಲ್ ಗಾಳಿಯಲ್ಲಿ ನಿಂತಿತು. ತುಟಿಯ ಎಡತುದಿಗೆ ಆ ಗುಳಿ ಬಂದು, ಈ ಸಲ ಹೋಗುವ ಅವಸರ ತೋರಲಿಲ್ಲ.

"ಕಿಟಕಿಗೆ ಅಡ್ಡ ಯಾರೋ ನಿಂತಿದ್ದಾರೆ," ಎಂದಳು.

"ಯಾರು ಟೀಚರ್, ಯಾರು?" ಮಕ್ಕಳೆಲ್ಲ ಎದ್ದು ಬಂದರು.

"ಗೊತ್ತಾಗುವುದಿಲ್ಲ. ಬಹಳ ಸಣ್ಣದು," ಎಂದು ಅವಳು ತಟ್ಟನೆ ಬೋರ್ಡಿನ ಕಡೆ ತಿರುಗಿದಳು. ಅಲ್ಲಿ ಬಿಡಿಸಿದ ಕಣ್ಣು ಯಾಕೋ ಸ್ವಲ್ಪ ಓರೆಯಾಯಿತು.

*

ಪಿಂಗಾರಳ ಕಥೆಯನ್ನು ಪುಸ್ತಕ ಮಾಡುವುದೆಂದು ತೀರ್ಮಾನವಾಯಿತು. ಮೂಡುಬಿದಿರೆಯ ಮಕ್ಕಳ ಮೇಳದಲ್ಲಿ ಅದರ ಬಿಡುಗಡೆ. ಆದರೆ ಪಿಂಗಾರ ಯಾವ ಭಾಷೆ ಮಾತಾಡಬೇಕು ಎಂಬಲ್ಲಿ ದೊಡ್ಡ ಜಗಳ ಹತ್ತಿಕೊಂಡಿತು. ವಿಸ್ಮಿತಾಳ ಪಕ್ಷ ತುಳು ಎಂದಿತು. ಆಫ್ರಾಳ ಪಕ್ಷ ಬ್ಯಾರಿ ಎಂದಿತು. ಮೂಲೆಯಿಂದ ಕೊಂಕಣಿಯೂ ಕೈ ಎತ್ತಿತು. ಕನ್ನಡವಾದರೆ ಆಗಬಹುದಲ್ಲ ಎಂದು ಟೀಚರ್ ಹೇಳಿದಾಗ, "ಕನ್ನಡ ಮಾತಾಡಿದರೆ ಅವಳು ಶಾಲೆಗೆ ಹೋದ ಹಾಗೆ ಆಗ್ತದೆ. ಈಗ ರಜೆ ಅಲ್ಲವಾ?" ಎಂದು ಎಲ್ಲ ಪಕ್ಷಗಳೂ ಒಂದಾದವು. ಕಡೆಗೆ ಪಿಂಗಾರ ಮಾತೇ ಆಡುವುದು ಬೇಡವೆಂದಾಯಿತು. ಪುಟಕ್ಕೊಂದು ಚಿತ್ರ, ಒಂದಕ್ಷರವೂ ಇಲ್ಲದ ಕಥೆ.

ರಾಫಿಯಾ ಚಿತ್ರಗಳನ್ನು ದಾರದಿಂದ ಹೊಲಿದು ಪುಸ್ತಕದ ಮಾದರಿ ಮಾಡಿಕೊಟ್ಟಳು. ರಟ್ಟಿನ ಚಿತ್ರವನ್ನು ಬೇರೆಯಾಗಿ ಕೊಟ್ಟಳು. "ನೀವು ಓದಿ ನೋಡಬಾರದು. ಅಚ್ಚು ಮಾತ್ರ ಹಾಕಿ," ಎಂದಳು ಕೊಡುವಾಗ. ಕಣ್ಣು ಎತ್ತಲಿಲ್ಲ.

ಯಾವ ಮುದ್ರಕನಿಗಾದರೂ ಅಂಥ ಮಾತು ಹೇಳಬಹುದೇ?

ಮಾದರಿಯಂತೆಯೇ ಪುಟಗಳನ್ನು ಅಚ್ಚು ಹಾಕಿ, ನಡುವೆ ಪಿನ್ ಹೊಡೆದು, ಜೀವಮಾನವಿಡೀ ಹಾಕುತ್ತ ಬಂದ ಕಡೆಗೇ ರಟ್ಟು ಹಾಕಿ, ಬೆಳಗಿನ ಬಿಸಿಲಿನಲ್ಲಿ ಮೇಜಿಗೆ ಒರಗಿ ನಿಂತು ಅವನು ಮೊದಲ ಪ್ರತಿಯನ್ನು ತೆರೆದ. ಹೊಳೆಯ ಮೇಲಿನ ದೊಡ್ಡ ಆಕಾಶದಲ್ಲಿ ಒಂದು ಚುಕ್ಕೆ. ಮುಂದಿನ ಪುಟದಲ್ಲಿ ಆ ಚುಕ್ಕೆ ಮೋಡವಾಯಿತು. ಮೋಡದ ಮೇಲೆ ಪಿಂಗಾರ, ಕೈ ಎತ್ತಿ, ಮುಖ ಈ ಕಡೆಗೆ. ಪುಟದಿಂದ ಪುಟಕ್ಕೆ ದೊಡ್ಡವಳಾದಳು, ಇಳಿದಳು, ಮೋಡಣ್ಣನೊಂದಿಗೆ ಯಂತ್ರ ತಿರುಗಿಸಿದಳು, ಶಾಯಿ ಎರಚಿ ಆಡಿದಳು. ಕೊನೆಯ ಪುಟದಲ್ಲಿ ಪ್ರೆಸ್ಸಿನ ಹೊಸ್ತಿಲ ಮೇಲೆ ಕೂತು ಅವನನ್ನೇ ನೋಡುತ್ತಿದ್ದಳು. ಆ ಕಣ್ಣನ್ನು ಮಕ್ಕಳು ಬಿಡಿಸಿದ್ದಲ್ಲ. ಕಪ್ಪಿನ ನಡುವೆ ಖಾಲಿ ಉಳಿಸಿದ ಬೆಳಕು, ಬೆಳಕಿನೊಳಗೆ ಕಿಟಕಿ, ಕಿಟಕಿಗೆ ಅಡ್ಡವಾಗಿ ಕಿವಿಯಲ್ಲಿ ಪೆನ್ಸಿಲ್ ಇಟ್ಟುಕೊಂಡ ಒಬ್ಬ ಸಣ್ಣ ಮನುಷ್ಯ.

ಝುಬೈರ್ ಪುಸ್ತಕವನ್ನು ಮುಚ್ಚಿದ. ತೆರೆದ. ಮತ್ತೆ ಮುಚ್ಚಿದ. ಆಮೇಲೆ ಪ್ರೆಸ್ಸಿನ ಶಟರನ್ನು ಅರ್ಧ ಎಳೆದು ಮನೆಗೆ ಓಡಿದ.

"ಉಮ್ಮ, ನೀವು ಒಮ್ಮೆ ಬಂಟ್ವಾಳಕ್ಕೆ ಹೋಗಿ ಬರಬೇಕು. ಮೈಮೂನಮ್ಮನ ಮನೆಗೆ."

ತಾಯಿ ಸೈನಬ ಒಲೆಯ ಮೇಲಿನ ಸಾರನ್ನು ಇಳಿಸಿದರು. ಮಗನನ್ನು ಕೆಳಗಿಂದ ಮೇಲಕ್ಕೊಮ್ಮೆ ನೋಡಿದರು.

"ಊರಿನವರ ಕಾರ್ಡೆಲ್ಲ ಅಚ್ಚು ಹಾಕಿ ಮುಗಿಯಿತಾ ಮೋನೆ? ಇನ್ನು ನಿನ್ನದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಬುರ್ಖಾ ತೆಗೆಯಲು ಒಳನಡೆದರು. "ಆ ಹುಡುಗಿ ಒಪ್ಪಿದ್ದಾಳಾ?"

"ಹೇಳಿದ್ದಾಳೆ. ಚಿತ್ರದಲ್ಲಿ."

"ನಿನ್ನ ಬಾಪ ಬಾಯಲ್ಲಿ ಹೇಳಿದ್ದರು ನನಗೆ. ಇರಲಿ, ಕಾಲ ಬದಲಾಗಿದೆ."

*

ವಾಚನಾಲಯದ ಮಹಡಿಯಲ್ಲಿ ಪುಸ್ತಕದ ಕಟ್ಟು ಬಿಚ್ಚಿದಾಗ ಎದ್ದ ಗದ್ದಲಕ್ಕೆ ಕೆಳಗಿನ ಅಂಗಡಿಯವರು ರಸ್ತೆಗೆ ಬಂದು ತಲೆಯೆತ್ತಿ ನೋಡಿದರು. ಮಕ್ಕಳು ಹೊಸ ಶಾಯಿಯ ವಾಸನೆಯನ್ನು ಮೂಗಿಗೆ ಒತ್ತಿಕೊಂಡರು. ತಮ್ಮ ತಮ್ಮ ಗೆರೆಗಳನ್ನು ಹುಡುಕಿ ಕೂಗಿಕೊಂಡರು. ರಾಫಿಯಾಳ ಕೆನ್ನೆ ಮಕ್ಕಳ ಕೆನ್ನೆಯಷ್ಟೇ ಕೆಂಪಾಗಿತ್ತು. ಝುಬೈರ್ ಗೋಡೆಗೆ ಒರಗಿ, ಇಷ್ಟು ಹೊತ್ತಿಗೆ ಉಮ್ಮನ ಆಟೋ ಸೇತುವೆ ದಾಟಿರಬಹುದೆಂದು ಲೆಕ್ಕ ಹಾಕುತ್ತ, ಕಾರಣವಿಲ್ಲದೆ ಎಲ್ಲರಿಗೂ ನಗು ಹಂಚುತ್ತಿದ್ದ.

"ಅಂಕಲ್," ಎಂದಳು ವಿಸ್ಮಿತಾ. "ರಟ್ಟು ಹಿಂದೆ ಹೋಗಿದೆ."

"ಎಲ್ಲಿ? ಸರಿ ಉಂಟಲ್ಲ."

"ಇಲ್ಲ ಮಾಮ," ಆಫ್ರಾ ಪುಸ್ತಕವನ್ನು ಮಗುಚಿ ಬಲಗಡೆಯಿಂದ ತೆರೆದಳು. "ಜಪಾನಿನವರದ್ದು ಈ ಕಡೆಯಿಂದ ತೆರೆಯುವುದು. ನಮ್ಮ ಮದ್ರಸದ ಕಿತಾಬಿನ ಹಾಗೆ. ಟೀಚರ್ ಮೊದಲ ದಿನವೇ ಹೇಳಿದ್ದಾರೆ. ನಿಮಗೆ ಅಷ್ಟೂ ಗೊತ್ತಿಲ್ಲವಾ?"

ಚಿಕ್ಕಂದಿನಲ್ಲಿ ಬೆಳಗಾದರೆ ಬಲದಿಂದ ಪುಟ ತಿರುವಿ ಓದಿದವನೇ ಅವನು. ಆದರೆ ಶಾಲೆಗೆ ಹೋದ ಕೂಡಲೇ ಎಡದಿಂದ ತಿರುವಬೇಕಿತ್ತು. ದೊಡ್ಡವನಾದ ಮೇಲೆ ಅವನು ಕಟ್ಟಿದ ಪುಸ್ತಕಗಳೆಲ್ಲ ಕನ್ನಡದವು. ಕೈ ತನ್ನ ಅಭ್ಯಾಸದಂತೆ ನಡೆದಿತ್ತು.

"ಹಾಗಾದರೆ ಈ ಹೊಸ್ತಿಲಲ್ಲಿ ಕೂತದ್ದು?"

"ಅದು ಮೊದಲನೆಯ ಪುಟ."

"ಮೋಡದ ಮೇಲೆ ಬರುವುದು?"

"ಬರುವುದಲ್ಲ ಅಂಕಲ್, ಹೋಗುವುದು," ವಿಸ್ಮಿತಾಳ ದನಿ ಇಳಿಯಿತು. "ಕೊನೆಗೆ ಚುಕ್ಕೆ ಆಗ್ತಾಳೆ. ಹೋಗುವಾಗ ಬೆನ್ನು ಕಾಣಬೇಕು ಅಂತ ಟೀಚರ್ ಹೇಳಿದರು. ನಮಗೆ ಅವರ ಬೆನ್ನು ಬಿಡಿಸಲಿಕ್ಕೆ ಮನಸ್ಸು ಬರಲಿಲ್ಲ."

"ಯಾರ ಬೆನ್ನು?"

ಆಫ್ರಾ ಉಗುರು ಕಚ್ಚುತ್ತ ಹೇಳಿಬಿಟ್ಟಳು: "ಟೀಚರ್ ಕೊಚ್ಚಿಗೆ ಹೋಗ್ತಾರೆ, ಕಾರ್ಟೂನ್ ಮಾಡುವ ಕಂಪೆನಿಗೆ. ನಿಮಗೆ ಹೇಳಬೇಡಿ ಅಂದಿದ್ದರು."

ರಾಫಿಯಾ ಕೋಣೆಯ ಆ ತುದಿಯಲ್ಲಿ ನಿಂತು ಇತ್ತ ನೋಡಿದಳು. ನಡುವೆ ಮಕ್ಕಳ ಗದ್ದಲದ ಒಂದು ಇಡೀ ಹೊಳೆ. ಅವಳ ಮುಖ ನೋಡಿದಾಗ ಝುಬೈರನಿಗೆ ತಿಳಿದದ್ದು ಒಂದೇ: ಉಮ್ಮ ಈಗ ಅವಳ ಮನೆಯ ಜಗಲಿಯಲ್ಲಿ ಕೂತು, ಹೊರಟು ನಿಂತವಳನ್ನು ಸೊಸೆಯಾಗಿ ಕೊಡಿ ಎಂದು ಕೇಳುತ್ತಿದ್ದಾರೆ. ಇಷ್ಟು ಒಳ್ಳೆಯ ದಿನದ ಮೇಲೆ, ಅವಳ ದೊಡ್ಡ ಅವಕಾಶದ ಮೇಲೆ, ತಾನೊಂದು ಶಾಯಿಯ ಡಬ್ಬಿಯನ್ನೇ ಮಗುಚಿಬಿಟ್ಟಿದ್ದೇನೆ.

ಅವನು ಮೆಟ್ಟಿಲುಗಳನ್ನು ಹಾರುತ್ತ ಇಳಿದ.

"ಝುಬೈರ್! ರಟ್ಟಿನ ವಿಷಯ ದೊಡ್ಡದಲ್ಲ ಮಾರಾಯ್ರೆ, ನಿಲ್ಲಿ!" ಎಂದು ರಾಫಿಯಾ ಕಿಟಕಿಯಿಂದ ಕೂಗಿದ್ದು ಅವನ ಸ್ಕೂಟರಿನ ಸದ್ದಿನಲ್ಲಿ ಮುಳುಗಿತು.

*

ಉಮ್ಮನಿಗೆ ಫೋನ್ ಮಾಡಿದರೆ, ಅದು ಮನೆಯ ಕಪಾಟಿನೊಳಗೇ ಬಡಿದುಕೊಳ್ಳುತ್ತಿರುತ್ತದೆಂದು ಅವನಿಗೆ ಗೊತ್ತು. ಹೊರಗೆ ತಂದರೆ ಬ್ಯಾಟರಿ ಮುಗಿಯುತ್ತದೆಂದು ಅವರ ನಂಬಿಕೆ. ಸೇತುವೆಯ ಮೇಲೆ ಬಿಸಿಲು ಕಾದ ತಗಡಿನಂತೆ ಮಲಗಿತ್ತು. ಎದುರಿಗೆ ಬಂದ ಬಸ್ಸು ಅವನನ್ನು ತುಳುವಿನಲ್ಲಿ ಬೈದು ಮುಂದೆ ಹೋಯಿತು. ಬಂಟ್ವಾಳ ಪೇಟೆಯ ಹಿಂದಿನ ಓಣಿ, ಬಿಳಿ ಗೇಟು, ಜಗಲಿ. ಅವನು ಏದುಸಿರು ಬಿಡುತ್ತ ಒಳನುಗ್ಗಿದ.

ಎರಡು ಕುರ್ಚಿಗಳಲ್ಲಿ ಇಬ್ಬರು ಉಮ್ಮಂದಿರು. ನಡುವೆ ತಟ್ಟೆಯಲ್ಲಿ ಕೊಯ್ದ ಮಾವಿನಹಣ್ಣು.

"ಎಂತ ಮೋನೆ, ಬೆಂಕಿ ಬಿದ್ದಿತಾ?" ಎಂದರು ಸೈನಬ.

ಮೈಮೂನಮ್ಮ ನೀರು ತರಲು ಒಳಗೆ ಹೋದರು. ಝುಬೈರ್ ಉಮ್ಮನ ಕಿವಿಗೆ ಬಾಗಿದ. "ಹೇಳಿಯಾಯಿತಾ?"

"ಎಲ್ಲಿ ಹೇಳುವುದು?" ಸೈನಬ ನಾಚಿಕೊಂಡು ಪಿಸುಗುಟ್ಟಿದರು. "ಬಂದಾಗಿನಿಂದ ಬಾಯಿಗೆ ಬರ್ತಾ ಉಂಟು, ವಾಪಾಸು ಹೋಗ್ತಾ ಉಂಟು. ಮೊಣಕಾಲು ನೋವು ಮಾತಾಡಿದೆವು, ಬಂಗುಡೆಯ ರೇಟು ಮಾತಾಡಿದೆವು, ಮಾವಿನಹಣ್ಣು ತಿಂದೆವು. ಈಗ ಹೇಳ್ತೇನೆ, ನೀನು ತಡಿ."

ಏನೂ ಆಗಿರಲಿಲ್ಲ. ಝುಬೈರನಿಗೆ ಉಸಿರು ಮರಳಿತು. ಉಮ್ಮನನ್ನು ಎಬ್ಬಿಸಿ, ಸಲಾಮು ಹೇಳಿ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟುಬಿಟ್ಟರೆ ಅಲ್ಲಿಗೆ ಮುಗಿಯಿತು. ಅವಳು ಹಗುರವಾಗಿ ಕೊಚ್ಚಿಗೆ ಹೋಗುತ್ತಾಳೆ. ಅವನು ಊರಿನವರ ಕಾರ್ಡುಗಳನ್ನು ಅಚ್ಚು ಹಾಕುತ್ತಾನೆ. ಯಾರಿಗೂ ಏನೂ ತಿಳಿಯುವುದಿಲ್ಲ.

ಗೇಟಿನ ಬಳಿ ಇನ್ನೊಂದು ಸ್ಕೂಟರ್ ನಿಂತಿತು.

"ನೀವು ಇಲ್ಲಿ?" ಎಂದಳು ರಾಫಿಯಾ. ಶಿರವಸ್ತ್ರ ಗಾಳಿಗೆ ಓರೆಯಾಗಿತ್ತು. ಹಣೆಯ ಮೇಲೆ ಬೆವರು. "ನಾನು ನಿಮ್ಮ ಪ್ರೆಸ್ಸಿಗೆ ಹೋದೆ, ಮನೆಗೆ ಹೋದೆ. ಒಂದು ರಟ್ಟಿಗೆ ಹೀಗೆ ಓಡುವುದಾ?" ಆಮೇಲೆ ಸೈನಬರನ್ನು ಕಂಡು, ಮಾವಿನಹಣ್ಣನ್ನು ಕಂಡು, ಒಳ್ಳೆಯ ಬುರ್ಖಾವನ್ನು ಕಂಡು, ಮಾತು ನಿಲ್ಲಿಸಿದಳು.

ಹೊರಡುವ ದಾರಿ ಇನ್ನೂ ತೆರೆದೇ ಇತ್ತು. ಝುಬೈರ್ ಅದರ ಕಡೆ ಒಮ್ಮೆ ನೋಡಿದ. ಬಳಿಕ ಅವಳ ಕಡೆ ನೋಡಿದ.

"ನಾನು ಪುಸ್ತಕವನ್ನು ತಪ್ಪು ಓದಿದೆ," ಎಂದ. "ಅವಳು ಬರ್ತಾಳೆ ಅಂತ ಓದಿದೆ. ಖುಷಿಯಲ್ಲಿ ತಲೆ ನಿಲ್ಲಲಿಲ್ಲ. ನಿಮ್ಮನ್ನು ಕೇಳಲಿಕ್ಕೆ ಉಮ್ಮನನ್ನು ಕಳಿಸಿದೆ. ಈಗ ಸರಿಯಾಗಿ ಓದಿದೆ. ಅವಳು ಹೋಗ್ತಾಳೆ."

ನೀರಿನ ಲೋಟ ಹಿಡಿದ ಮೈಮೂನಮ್ಮ ಬಾಗಿಲಲ್ಲೇ ನಿಂತರು.

"ಹೌದು. ಹೋಗ್ತಾಳೆ," ಎಂದಳು ರಾಫಿಯಾ, ಬಹಳ ಮೆಲ್ಲಗೆ. "ಮತ್ತೆ ಈಗ?"

"ಈಗಲೂ ಕೇಳ್ತೇನೆ."

"ಹೋಗುವವಳನ್ನಾ?"

"ಹೋಗುವವಳನ್ನೇ. ನೀವು ಹೋಗಿ. ಚಿತ್ರ ಮಾಡಿ, ದೊಡ್ಡದು ಮಾಡಿ. ನಿಲ್ಲಿ ಅಂತ ಕೇಳಲಿಕ್ಕೆ ನಾನು ಬಂದದ್ದಲ್ಲ. ಮಂಗಳೂರಿಂದ ಕೊಚ್ಚಿಗೆ ರೈಲು ಉಂಟು. ನಾನು ಬರ್ತೇನೆ. ಪ್ರೆಸ್ಸಿಗೂ ವಾರಕ್ಕೊಂದು ರಜೆ ಉಂಟಲ್ಲ."

ರಾಫಿಯಾ ಜಗಲಿಯ ಕಂಬಕ್ಕೆ ಒರಗಿದಳು. ಅವಳ ಕಣ್ಣುಗಳು ಆಗ ಎಷ್ಟು ದೊಡ್ಡವಾದವೆಂದರೆ, ಮುಖದಲ್ಲಿ ಬೇರೆ ಯಾವುದಕ್ಕೂ ಜಾಗ ಉಳಿಯಲಿಲ್ಲ.

"ನಿಮಗೆ ಹೇಳಬೇಕು ಅಂತ ದಿನಾ ಅಂದುಕೊಳ್ತಿದ್ದೆ," ಎಂದಳು. "ಹೇಳಿದರೆ ನೀವು ಕಾಗದ ತರುವುದನ್ನು ನಿಲ್ಲಿಸ್ತೀರಿ ಅಂತ ಹೆದರಿಕೆ. ಆ ಕಣ್ಣು ಬಿಡಿಸಿದ್ದು ನಾನು. ಹೋಗುವ ಮೊದಲು ಒಂದು ಕಡೆಯಾದರೂ ಇರಲಿ ಅಂತ. ನೀವು ನೋಡಬಾರದು ಅಂತಲೂ ಇತ್ತು, ನೋಡಬೇಕು ಅಂತಲೂ ಇತ್ತು."

"ನೋಡಿದೆ. ಕಿಟಕಿಗೆ ಅಡ್ಡ ನಿಂತವನಿಗೆ ಹೊಟ್ಟೆ ಸ್ವಲ್ಪ ಜಾಸ್ತಿಯಾಗಿದೆ."

"ಇದ್ದದ್ದನ್ನೇ ಬಿಡಿಸಿದ್ದು."

ಸೈನಬ ಬಾಯಿಗೆ ಬುರ್ಖಾದ ಅಂಚು ಒತ್ತಿ ನಕ್ಕರು. ಮೈಮೂನಮ್ಮ ಮಾತ್ರ ನಗಲಿಲ್ಲ. ಮಗಳ ಬಳಿ ಬಂದು, ಓರೆಯಾದ ಶಿರವಸ್ತ್ರವನ್ನು ಸರಿಮಾಡಿ, "ಮೋಳೇ, ನಿನ್ನ ಮನಸ್ಸು ಹೇಳು. ನಮ್ಮ ಮುಖ ನೋಡಬೇಡ," ಎಂದರು.

ರಾಫಿಯಾ ತಾಯಿ ಬಿಟ್ಟೆದ್ದ ಕುರ್ಚಿಯಲ್ಲಿ, ಸೈನಬರ ಪಕ್ಕದಲ್ಲಿ, ನೆಟ್ಟಗೆ ಕುಳಿತಳು. ಉಂಗುರವಿಲ್ಲದ ಬೆರಳುಗಳನ್ನು ಮಡಿಲಲ್ಲಿ ಹೆಣೆದುಕೊಂಡಳು. ತುಟಿಯ ಎಡತುದಿಗೆ ಗುಳಿ ಬಂದಿತ್ತು.

"ಯಾವಾಗಲೂ ಹುಡುಗಿಯನ್ನೇ ನೋಡುವುದು ಯಾಕೆ?" ಎಂದಳು. "ಅಡುಗೆಮನೆ ಒಳಗೆ ಎಡಗಡೆ ಉಂಟು. ಚಾಪುಡಿ ನೀಲಿ ಡಬ್ಬಿಯಲ್ಲಿ. ನೀವು ಚಾ ಮಾಡಿ ತನ್ನಿ ಝುಬೈರ್. ನಾವು ಹುಡುಗನನ್ನು ನೋಡುವ."

"ನಾನಾ?"

"ಮತ್ತೆ ಯಾರು? ಹುಡುಗ ನೀವಲ್ಲವಾ?"

ಅವನು ಹೋದ. ಒಳಗಿನಿಂದ ಪಾತ್ರೆಯೊಂದು ಬಿದ್ದ ಸದ್ದು ಕೇಳಿತು, ಆಮೇಲೆ ಇನ್ನೊಂದು. ಸೈನಬ ಎದ್ದು ಹೋಗಲು ಹೊರಟಾಗ ರಾಫಿಯಾ ಅವರ ಕೈಯನ್ನು ಮೆಲ್ಲಗೆ ಹಿಡಿದು ಕೂರಿಸಿದಳು. ಹಿಡಿದ ಕೈಯನ್ನು ಆಮೇಲೆ ಬಿಡಲಿಲ್ಲ.

ಬಹಳ ಹೊತ್ತಿನ ಬಳಿಕ ಝುಬೈರ್ ತಟ್ಟೆ ಹಿಡಿದು ಹೊರಬಂದ. ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಅಂಗಿಯ ತೋಳಿಗೆ ಚಾಪುಡಿ. ಅವನು ತಟ್ಟೆಯನ್ನು ಅವಳ ಮುಂದೆ ಹಿಡಿದು ನೆಲ ನೋಡುತ್ತ ನಿಂತ.

"ತಲೆ ಎತ್ತಬೇಕು," ಎಂದಳು ಅವಳು.

ಎತ್ತಿದ. ಅವಳು ಅವಸರವಿಲ್ಲದೆ ನೋಡಿದಳು. ಹಣೆ, ಹುಬ್ಬು, ಮೂಗಿನ ಮೇಲೆ ಎಂದೂ ಹೋಗದ ಆ ಕಲೆ. ಬಳಿಕ ಕಣ್ಣು. ಅಲ್ಲಿ ಬಹಳ ಹೊತ್ತು ನಿಂತಳು. ಕೊನೆಗೆ ಲೋಟವನ್ನೆತ್ತಿ ಒಂದು ಗುಟುಕು ಕುಡಿದಳು.

ಇಬ್ಬರೂ ಉಮ್ಮಂದಿರು ಮುಂದಕ್ಕೆ ಬಾಗಿದರು.

"ಸಕ್ಕರೆ ಜಾಸ್ತಿಯಾಯಿತು," ಎಂದಳು ರಾಫಿಯಾ, ಇನ್ನೊಂದು ಗುಟುಕು ಕುಡಿಯುತ್ತ. "ಹುಡುಗ ಆಗಬಹುದು."